ವಾಪಸು ಬರಲೆಂದೇ ಗುಂಡು ಮಾರುವ ವರ್ನಾ

ಬೆಟ್ಟದ ಹಿಂದೆ ಹೊತ್ತು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಕಾಪರ್ ಫೋರ್ಕ್ ಊರಾಚೆಯ ಹಳೇ ಕಲ್ಲುಕ್ವಾರಿಯಲ್ಲಿ ಮಂಜು ಮೊಣಕಾಲುದ್ದ ನಿಂತಿದೆ. ಅದರೊಳಗೆ ವರ್ನಾ ಪ್ಲಂಕೆಟ್ ಓಡಾಡುತ್ತಿದ್ದರೆ ಕಾಲೇ ಇಲ್ಲದ ಅಜ್ಜಿಯೊಬ್ಬರು ತೇಲುತ್ತಿರುವಂತೆ ಕಾಣುತ್ತದೆ. ಹಾಲಿನ ಖಾಲಿ ಜಗ್ಗುಗಳಿಗೆ ನೀರು ತುಂಬಿ ಮಣ್ಣುದಿಬ್ಬದ ಮುಂದೆ ಒಂದರ ಹಿಂದೊಂದು ಸಾಲಾಗಿ ಇಡುತ್ತಿದ್ದಾರೆ. ಸಾಲಿನ ಮುಂದೆ ತೀರಿಹೋದ ಗಂಡನ ಹಳೇ ಜೀನ್ಸ್ ಪ್ಯಾಂಟಿನ ಬಟ್ಟೆಯನ್ನು ನಾಲ್ಕು ಪದರ ಮಾಡಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಸಿಕ್ಕಿಸುತ್ತಾರೆ.

"ಗಾರ್ಲೆಂಡ್ ಬದುಕಿದ್ದಾಗ ಒಂದು ಪ್ಯಾಂಟನ್ನೂ ಎಸೆಯೋಕೆ ಬಿಡ್ತಿರ್ಲಿಲ್ಲ. ಒಳ್ಳೇದೇ ಆಯ್ತು ನೋಡಿ," ಎಂದು ಬಟ್ಟೆಯ ಸುಕ್ಕು ಸವರಿ ಸರಿಮಾಡುತ್ತಾರೆ. "ಈಗ ಊರಿಗೆಲ್ಲ ಉಪಯೋಗಕ್ಕೆ ಬರ್ತಿದಾನೆ."

ಸ್ಟಿಡಮ್ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ, ಕೋಳಿ ಆಹಾರ, ಬಿತ್ತನೆ ಬೀಜ ಎಲ್ಲ ದಾಟಿದ ಮೇಲೆ ಕೊನೆಯಲ್ಲಿ ಗುಂಡುಗಳ ಕೌಂಟರ್ ಇದೆ. ಹತ್ತೊಂಬತ್ತು ವರ್ಷದಿಂದ ಅದು ವರ್ನಾ ಅವರ ಜಾಗ. ಅಮೆರಿಕದ ಕೆಂಟಕಿಯ ಈ ಬೆಟ್ಟಗಳಲ್ಲಿ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಳ್ಳುವುದು ತಲೆಗೆ ಟೋಪಿ ಇಟ್ಟುಕೊಂಡಷ್ಟು ಸಹಜ. ಪಿಸ್ತೂಲನ್ನು ಜನ ಅಪ್ಪನಿಂದಲೋ ಅಣ್ಣನಿಂದಲೋ ಪಡೆಯುತ್ತಾರೆ, ಹೊಳಪು ನೋಡಿ ಕೊಳ್ಳುವವರೂ ಇದ್ದಾರೆ. ಅದರೊಳಗೆ ಯಾವ ಗುಂಡು ಹಾಕಬೇಕೆಂಬ ಮಾತು ಬಂದಾಗ ಮಾತ್ರ ಎಲ್ಲರೂ ವರ್ನಾ ಅವರ ಮುಂದೆ ಬಂದು ತಲೆ ಕೆರೆದುಕೊಳ್ಳುತ್ತಾರೆ.

ಇವತ್ತು ಅವರ ಪಾಲಿಗೆ ವರ್ಷದ ದೊಡ್ಡ ದಿನ. ನಾಳೆ ಭಾನುವಾರ, ಹಗಲು ಉದ್ದವಾಗುವ ಕಾಲಕ್ಕೆಂದು ದೇಶವೆಲ್ಲ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಬೇಕು. ಹಾಗೆ ತಿರುಗಿಸುವಾಗ ಹೊಗೆ ಕಂಡರೆ ಕೂಗುವ ಮನೆಯ ಗಂಟೆಗೆ ಹೊಸ ಬ್ಯಾಟರಿ ಹಾಕುವುದು ಇಲ್ಲಿನವರ ರೂಢಿ. ವರ್ನಾ ಅದಕ್ಕೆ ಇನ್ನೊಂದನ್ನು ಅಂಟಿಸಿದ್ದಾರೆ. ವರ್ಷವಿಡೀ ಸೊಂಟದಲ್ಲಿ ಬೆವರು, ಧೂಳು, ಬಟ್ಟೆಯ ಜುಂಗು ತಿಂದ ಗುಂಡುಗಳನ್ನು ತಂದು, ಇಲ್ಲಿ ಕಾಗದದ ಗುರಿಗೆ ಹೊಡೆದು ಮುಗಿಸಬೇಕು. ಹೊಸದನ್ನು ಒಯ್ಯಬೇಕು. ಬಂದವರಿಗೆಲ್ಲ ಕಾಫಿ ಮತ್ತು ಎಣ್ಣೆಯಲ್ಲಿ ಕರಿದ ಸೇಬಿನ ಕಡುಬು ಉಂಟು. ಕಳೆದ ವರ್ಷ ಕಡುಬು ಮೊದಲು ಖಾಲಿಯಾಗಿ ಗುಂಡು ಉಳಿದಿತ್ತಂತೆ.

ಮೊದಲು ಬಂದವರು ಹೋಬರ್ಟ್ ಫ್ಯೂಗೇಟ್. ಜೀವಮಾನವೆಲ್ಲ ಲಾರಿ ಓಡಿಸಿ ಈಗ ಮನೆಯಲ್ಲಿ ಕೂತವರು. ಕೈಯಲ್ಲೊಂದು ಮಿರಿಮಿರಿ ಡಬ್ಬ, ಅದರ ಮೇಲೆ ಬೆಂಕಿ ಉಗುಳುವ ತಲೆಬುರುಡೆಯ ಚಿತ್ರ.

"ಇದೇನ್ ಹೋಬರ್ಟ್? ಬೇರೆ ಅಂಗಡಿಗೆ ಕಾಲಿಟ್ಟಂಗಿದೆ."

"ಮೊಮ್ಮಗ ಕೊಡ್ಸಿದ, ಮಿಸ್ ವರ್ನಾ. ಇದಕ್ಕಿಂತ ಜೋರಿನದು ಇಲ್ವಂತೆ. ಬುರುಡೆ ನೋಡಿದೀರಾ?"

"ನಾನು ನೋಡ್ದೆ. ಕಳ್ಳ ನೋಡ್ತಾನಾ? ಅವ್ನಿಗೆ ಡಬ್ಬ ತೋರ್ಸೋಕೆ ನಿಂಗೆ ಪುರುಸೊತ್ತಿರುತ್ತಾ?"

ಹೋಬರ್ಟ್ ನಗುತ್ತಲೇ ಜೀನ್ಸ್ ಬಟ್ಟೆಯತ್ತ ಒಂದು ಗುಂಡು ಹಾರಿಸುತ್ತಾರೆ. ಅವರ ಗಿಡ್ಡ ಮೂತಿಯ ಪಿಸ್ತೂಲು ಕೈಯಲ್ಲಿ ಕೋಳಿಯ ಹಾಗೆ ಹಾರುತ್ತದೆ. ಮೊದಲ ಜಗ್ಗು ಒಡೆಯುತ್ತದೆ, ಅದರ ಹಿಂದಿನದೂ ಒಡೆಯುತ್ತದೆ. ಹೀಗೆ ಸಾಲಿಗೆ ಸಾಲೇ ತೂತು ಬಿದ್ದು ಗುಂಡು ಹಿಂದಿನ ಮಣ್ಣು ಸೇರುತ್ತದೆ. ವರ್ನಾ ಬಗ್ಗಿ ಮಣ್ಣು ಕೆದಕಿ ಅದನ್ನು ಹೆಕ್ಕುತ್ತಾರೆ. ಟೊಳ್ಳು ತುದಿಯೊಳಗೆ ಗಾರ್ಲೆಂಡ್‌ನ ಪ್ಯಾಂಟಿನ ನೀಲಿ ನೂಲು ಗಟ್ಟಿಯಾಗಿ ತುಂಬಿಕೊಂಡಿದೆ. ತಾಗಿದೊಡನೆ ಹೂವಿನಂತೆ ಅರಳಬೇಕಿದ್ದ ಗುಂಡು ಅರಳಿಲ್ಲ.

"ಬಾಯಿಗೆ ಬಟ್ಟೆ ತುರುಕಿದಂಗಾಯ್ತು ಇದಕ್ಕೆ. ನಿಲ್ಲೋ ಕಡೆ ನಿಲ್ದೆ ಆಚೆ ಮನೆಗೂ ಹೋಗಿ ಬರುತ್ತೆ. ನಿಮ್ಮ ಆಚೆ ಮನೇಲಿ ಯಾರಿದಾರೆ?"

"ಪಾದ್ರಿಗಳು," ಹೋಬರ್ಟರ ದನಿ ತಗ್ಗಿದೆ.

"ಅವ್ರಿಗೆ ಸ್ವರ್ಗಕ್ಕೆ ಹೋಗೋ ದಾರಿ ಮೊದ್ಲೇ ಗೊತ್ತು. ನೀನು ಅವಸರ ಮಾಡ್ಬೇಡ."

ಈ ಕೆಲಸ ವರ್ನಾ ಹುಡುಕಿಕೊಂಡು ಹೋದದ್ದಲ್ಲ. ನದಿಯಾಚೆ ಒಂದು ಅಂಗಿ ಕಾರ್ಖಾನೆಯಿತ್ತು. ಹದಿನೆಂಟನೇ ವಯಸ್ಸಿಗೆ ಅಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತವರು ಎಡಗಿವಿಯ ಕೇಳುವ ಶಕ್ತಿಯನ್ನೂ ಸೊಂಟದ ಬಲವನ್ನೂ ಅಲ್ಲೇ ಬಿಟ್ಟು ಎದ್ದರು. ಕಾರ್ಖಾನೆ ಬಾಗಿಲು ಹಾಕಿದ ವರ್ಷವೇ ಗಣಿ ಧೂಳು ಗಾರ್ಲೆಂಡ್‌ನ ಎದೆಯನ್ನು ತಿಂದು ಮುಗಿಸಿತು. ಅಂಗಡಿಯ ಮಾಲೀಕ ಎವರೆಟ್ ಸ್ಟಿಡಮ್ ಬೀಜ ತೂಗುವವರು ಬೇಕೆಂದರು, ಇವರು ಹೋದರು. ಗುಂಡಿನ ಕೌಂಟರಿನ ಮುದುಕ ಕೆಲಸ ಬಿಟ್ಟಾಗ ಬೇರೆ ಯಾರೂ ಸಿಗಲಿಲ್ಲವೆಂದು ಇವರನ್ನು ಅಲ್ಲಿಗೆ ಕಳಿಸಿದರು. ಮೊದಲೆರಡು ವರ್ಷ ಬಂದವರದೆಲ್ಲ ಒಂದೇ ಪ್ರಶ್ನೆ: "ಗಂಡಸ್ರು ಯಾರೂ ಇಲ್ವಾ?"

"ಇದಾರೆ, ಕರೀತೀನಿ ಇರಿ ಅಂತಿದ್ದೆ. ಎವರೆಟ್ ಬಂದು ನಿಮ್ಗೇನು ಬೇಕು ಅಂತ ಕೇಳೋನು. ಆಮೇಲೆ ನನ್ನ ಕಡೆ ತಿರುಗಿ, ವರ್ನಾ, ಅವ್ರಿಗೇನು ಬೇಕು ಅನ್ನೋನು," ಎಂದು ವರ್ನಾ ಕಣ್ಣು ಮಿಟುಕಿಸುತ್ತಾರೆ.

ಅವರ ಪಾಠಶಾಲೆಯೆಂದರೆ ಈ ಕ್ವಾರಿ, ಹಾಲಿನ ಜಗ್ಗು ಮತ್ತು ಹಳೇ ಪ್ಯಾಂಟು. ಅಡುಗೆಮನೆಯಿಂದ ತಂದ ಕೇಕ್ ಅಚ್ಚಿನ ತಟ್ಟೆಯ ಗುಳಿಗಳಲ್ಲಿ ಅರಳಿದ ಗುಂಡುಗಳನ್ನು ಇಟ್ಟಿದ್ದಾರೆ. ಆರು ದಳದವು, ಒಂದು ದಳ ಮುರಿದವು, ಮೊಗ್ಗಾಗಿಯೇ ಉಳಿದವು. ರಾಜಕುಮಾರಿ ಬಾಯಿ ತೆರೆದರೆ ಮುತ್ತು ಉದುರುವ ಕಥೆಗಳಲ್ಲಿ ಇಂಥ ತಾಮ್ರದ ಹೂಗಳೂ ಇರಬಹುದಿತ್ತು ಅನ್ನಿಸುವಷ್ಟು ಚೆಲುವಾಗಿವೆ. ಅವು ಯಾಕೆ ಅರಳಬೇಕೆಂಬುದು ನೆನಪಾದಾಗ ಮಾತ್ರ ಕೈ ಹಿಂದೆ ಸರಿಯುತ್ತದೆ. ತುದಿ ಮುಚ್ಚಿದ ಸಾದಾ ಗುಂಡು ಅಭ್ಯಾಸಕ್ಕೆ ಸಾಕು. ಟೊಳ್ಳು ತುದಿಯದು ಅರಳಿ ಒಳಗೇ ನಿಂತುಬಿಡುತ್ತದೆ, ಹಿಂದಿರುವ ತಪ್ಪಿಲ್ಲದವರನ್ನು ಮುಟ್ಟುವ ಸಂಭವ ಕಡಿಮೆ. ಹಾಗಂತ ಎಲ್ಲ ಟೊಳ್ಳು ತುದಿಗಳೂ ಎಲ್ಲ ಪಿಸ್ತೂಲಿನಿಂದಲೂ ಅರಳುವುದಿಲ್ಲ. ಕೆಲವು ಗುಂಡು ಕೆಲವು ಪಿಸ್ತೂಲಿನ ಗಂಟಲಿಗೇ ಇಳಿಯುವುದಿಲ್ಲ. ಆದ್ದರಿಂದ ಅವರವರ ಪಿಸ್ತೂಲಿನಲ್ಲಿ, ಅವರವರ ಕೈಯಲ್ಲಿ ಹೊಡೆದು ನೋಡದೆ ವರ್ನಾ ಡಬ್ಬ ಕೈಗಿಡುವುದಿಲ್ಲ.

ಕಳೆದ ವರ್ಷ ಇದೇ ದಿನ ಡೆಲ್ಫೀನ್ ಸ್ಟ್ರೌಡ್ ಬಂದಿದ್ದಳು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವ ನರ್ಸು. ಬೆಟ್ಟದ ಸಂದಿಯ ಸ್ಟಿಲ್‌ಹೌಸ್ ರಸ್ತೆಯ ತುದಿಯಲ್ಲಿ, ತಗಡು ಗೋಡೆಯ ಚಿಕ್ಕ ಮನೆಯಲ್ಲಿ ಐದು ವರ್ಷದ ಮಗಳು ಟ್ಯಾನ್ಸಿಯ ಜೊತೆ ವಾಸ. ಅವಳು ಬಿಟ್ಟು ಬಂದ ಗಂಡ ಜೈಲಿನಿಂದ ಬಿಡುಗಡೆಯಾಗುವವನಿದ್ದ, ಬಂದ ಮೇಲೆ ನೋಡಿಕೊಳ್ಳುತ್ತೇನೆಂದು ಹೇಳಿ ಕಳಿಸಿದ್ದ. ಅಣ್ಣ ಕೊಟ್ಟ ಪುಟ್ಟ ಪಿಸ್ತೂಲು ಹಿಡಿದು ಬಂದವಳು ಕೇಳಿದ್ದು ಒಂದೇ ಮಾತು: "ಎಲ್ಲಕ್ಕಿಂತ ಜೋರಿನದು ಯಾವ್ದಿದೆಯೋ ಅದನ್ನೇ ಕೊಡಿ."

"ಕೊಡ್ತೀನಿ ಮಗಳೇ. ನೀನು ಮಲಗೋ ಕೋಣೆ ಬಾಗಿಲಿಂದ ಒಳಗೆ ನುಗ್ಗಿದವನಿಗೆ ಗುರಿ ಇಟ್ರೆ, ಅವನ ಹಿಂದೆ ಏನಿದೆ?"

"ಗೋಡೆ."

"ಗೋಡೆ ಆಚೆ?"

"ಟ್ಯಾನ್ಸಿ ಮಂಚ."

"ಹಾಗಾದ್ರೆ ಗುಂಡು ಆಮೇಲೆ ಆರಿಸೋಣ. ಮೊದ್ಲು ಮನೆಗೆ ಹೋಗಿ ಮಂಚ ಸರಿಸಿ ಬಾ," ಎಂದು ವರ್ನಾ ಕಳಿಸಿಬಿಟ್ಟರು. "ಗೋಡೆ ದಾಟದ ಗುಂಡು ಅಂತ ಯಾರಾದ್ರೂ ಆಣೆ ಮಾಡಿ ಹೇಳಿದ್ರೆ ನಂಬ್ಬೇಡ. ನಾನು ಹೇಳಿದ್ರೂ ನಂಬ್ಬೇಡ."

ಅವಳು ನಿಜಕ್ಕೂ ಹೋದಳು. ಮಧ್ಯಾಹ್ನ ವಾಪಸು ಬಂದಾಗ ಕೈಗೆಲ್ಲ ಧೂಳು ಮೆತ್ತಿಕೊಂಡಿತ್ತು. ಆಮೇಲೆ ಇಬ್ಬರೂ ಕ್ವಾರಿಯ ಇದೇ ಮೇಜಿನ ಮುಂದೆ ನಿಂತರು. ಜೋರಿನ ಗುಂಡಿಗೆ ಅವಳ ಕಣ್ಣು ತಾನಾಗಿ ಮುಚ್ಚುತ್ತಿತ್ತು, ಕಾಗದದ ಗುರಿಗೆ ಒಂದೂ ತಾಗಲಿಲ್ಲ. ಎರಡನೆಯ ಬಗೆ ಪಿಸ್ತೂಲಿನ ಗಂಟಲಲ್ಲಿ ಸಿಕ್ಕಿಕೊಂಡಿತು. ಮೂರನೆಯದು ಸೌಮ್ಯ. ಅದು ಬಟ್ಟೆ ದಾಟಿ ಜಗ್ಗಿನೊಳಗೆ ಅರಳಿತು, ಒಮ್ಮೆಯೂ ಸಿಕ್ಕಿಕೊಳ್ಳಲಿಲ್ಲ, ಅವಳ ಕಣ್ಣೂ ತೆರೆದೇ ಇತ್ತು. ಹೊಡೆದು ಹೊಡೆದು ನೋಡಿ ಕೊನೆಗೆ ಆ ಡಬ್ಬದಲ್ಲಿ ಉಳಿದದ್ದು ಎಂಟು. ಅವಳ ಪಿಸ್ತೂಲಿಗೆ ಹಿಡಿಯುವುದೂ ಅಷ್ಟೇ.

ಹೊರಡುವಾಗ ವರ್ನಾ ಇನ್ನೊಂದು ಮಾತು ಹೇಳಿದ್ದರು. ಈ ಬೆಟ್ಟದವರೆಲ್ಲ ಮಾಡುವ ತಪ್ಪು ಅದು. ಸಂಜೆ ಪಿಸ್ತೂಲಿನಿಂದ ಹೊರತೆಗೆದ ಗುಂಡನ್ನೇ ಬೆಳಿಗ್ಗೆ ಮತ್ತೆ ಮೇಲಿಟ್ಟು ಒಳಗೆ ತಳ್ಳುತ್ತಾರೆ. ದಿನಾ ತಲೆಗೆ ಮೊಟಕಿದರೆ ಅದು ಹಿತ್ತಾಳೆಯ ಕವಚದೊಳಗೆ ತುಸುತುಸುವೇ ಕುಸಿಯುತ್ತದೆ. ಹಾಗೆ ಗಿಡ್ಡವಾದ ಗುಂಡು ಹಾರಿಸಿದರೆ ಪಿಸ್ತೂಲು ಕೈಯಲ್ಲೇ ಸಿಡಿಯಬಹುದು. "ರೋಗಿ ಮನೆಗೆ ಹೋಗೋವಾಗೆಲ್ಲ ನೀನು ತೆಗೆದು ಗಾಡಿ ಪೆಟ್ಟಿಗೇಲಿ ಬೀಗ ಹಾಕ್ತೀಯ. ಅದಕ್ಕೇ ಹೇಳ್ತಿದೀನಿ. ದಿನಾ ಒಂದೇ ಗುಂಡನ್ನ ಮೇಲಿಡ್ಬೇಡ, ಬದಲಾಯಿಸ್ತಾ ಇರು. ಇಬ್ಬರು ಮಕ್ಕಳ ಎತ್ತರ ನೋಡಲ್ವಾ, ಹಂಗೆ ಪಕ್ಕಪಕ್ಕ ನಿಲ್ಸಿ ನೋಡು. ಯಾವ್ದಾದ್ರೂ ಗಿಡ್ಡ ಆಗಿದ್ರೆ ಹೊಡೀಬೇಡ, ನಂಗೆ ತಂದ್ಕೊಡು."

ಅದಾಗಿ ವರ್ಷವಾಯಿತು. ಇವತ್ತು ಬಿಸಿಲು ಕ್ವಾರಿಯ ತಳಕ್ಕೆ ಇಳಿದಿದೆ, ಮಂಜು ಕರಗಿದೆ. ಜನ ಬರುತ್ತಿದ್ದಾರೆ, ಕಾಗದಕ್ಕೆ ಹೊಡೆಯುತ್ತಿದ್ದಾರೆ, ಬೆರಳಿಗಂಟಿದ ಸಕ್ಕರೆ ನೆಕ್ಕುತ್ತಾ ಹೋಗುತ್ತಿದ್ದಾರೆ. ವರ್ನಾ ಅವರ ಕಣ್ಣು ಮಾತ್ರ ಗೇಟಿನ ಮೇಲಿದೆ. ಡೆಲ್ಫೀನಳ ಗಂಡ ಜನವರಿಯಲ್ಲಿ ಹೊರಬಂದನೆಂದು ಊರಿಗೆಲ್ಲ ಗೊತ್ತು.

"ನಿನ್ನೆ ಸ್ಟಿಲ್‌ಹೌಸ್ ರಸ್ತೆ ಬಾಯಲ್ಲಿ ಶೆರಿಫನ ಪೊಲೀಸ್ ಗಾಡಿ ನಿಂತಿತ್ತು," ಎಂದು ಕಡುಬು ಅಗಿಯುತ್ತಲೇ ಹೋಬರ್ಟ್ ಹೇಳುತ್ತಾರೆ. "ದೀಪ ಬೇರೆ ತಿರುಗ್ತಿತ್ತು."

"ಯಾಕಂತೆ?"

"ನಾನು ಇಳೀಲಿಲ್ಲ. ಐಸ್‌ಕ್ರೀಮ್ ಕರಗ್ತಿತ್ತು."

ವರ್ನಾ ಒರೆಸಿದ ಮೇಜನ್ನೇ ಇನ್ನೊಮ್ಮೆ ಒರೆಸುತ್ತಾರೆ. "ಎಲ್ಲಾರೂ ನಂಗೆ ಥ್ಯಾಂಕ್ಸ್ ಹೇಳ್ತಾರೆ," ಎಂದು ಮೆಲ್ಲಗೆ ಅನ್ನುತ್ತಾರೆ. "ನಾನು ಕೊಟ್ಟಿದ್ದು ಕೆಲಸ ಮಾಡಿದ ದಿನ ಒಬ್ಬ ಮನುಷ್ಯ ಬಿದ್ದಿರ್ತಾನೆ. ಕೆಲಸ ಮಾಡ್ದೇ ಹೋದ ದಿನ ನನ್ನೋರೇ ಯಾರೋ ಬಿದ್ದಿರ್ತಾರೆ. ಎರಡೂ ನಂಗೆ ಬೇಡ. ಹಂಗಂತ ಆರಿಸಿ ಕೊಡದೆ ಇರೋಕೂ ಆಗಲ್ಲ."

ಹತ್ತೂವರೆಯ ಹೊತ್ತಿಗೆ ಮಣ್ಣು ಮೆತ್ತಿದ ಬಿಳಿ ಕಾರು ಗೇಟು ದಾಟಿ ಬರುತ್ತದೆ. ಡೆಲ್ಫೀನ್ ಇಳಿಯುತ್ತಾಳೆ. ನರ್ಸಿನ ನೀಲಿ ಉಡುಪು, ಎತ್ತಿ ಕಟ್ಟಿದ ಕೂದಲು. ಮುಖ ನೋಡಿ ಏನನ್ನೂ ಹೇಳುವಂತಿಲ್ಲ. ಅವಳು ಮೇಜಿನ ಮುಂದೆ ನಿಂತು, ಪಿಸ್ತೂಲಿನ ಮೂತಿಯನ್ನು ಮಣ್ಣುದಿಬ್ಬದ ಕಡೆ ಇಟ್ಟು ಖಾಲಿ ಮಾಡುತ್ತಾಳೆ. ಗುಂಡುಗಳನ್ನು ಒಂದೊಂದಾಗಿ ಸಾಲಿನಲ್ಲಿ ನಿಲ್ಲಿಸುತ್ತಾಳೆ.

ಸಾಲು ಏಳಕ್ಕೆ ನಿಲ್ಲುತ್ತದೆ.

ವರ್ನಾ ಮೇಜಿನ ಅಂಚು ಹಿಡಿದುಕೊಳ್ಳುತ್ತಾರೆ. ಹೋಬರ್ಟರ ಅಗಿಯುವ ಬಾಯಿ ನಿಂತಿದೆ.

"ಇನ್ನೊಂದು ಎಲ್ಲಿ ಮಗಳೇ?"

"ಅಯ್ಯೋ, ಮರ್ತೇಬಿಟ್ಟೆ." ಡೆಲ್ಫೀನ್ ಜೇಬಿಗೆ ಕೈ ಹಾಕಿ ಮಾತ್ರೆಯ ಖಾಲಿ ಸೀಸೆಯೊಂದನ್ನು ತೆಗೆಯುತ್ತಾಳೆ. ಕಿತ್ತಳೆ ಬಣ್ಣದ ಸೀಸೆ, ಬಿಳಿ ಮುಚ್ಚಳ. ಅಲುಗಾಡಿಸಿದರೆ ಒಳಗೆ ಸದ್ದಾಗುತ್ತದೆ. "ಕ್ರಿಸ್‌ಮಸ್ ಆದ್ಮೇಲೆ ಒಂದಿನ ಪಕ್ಕಪಕ್ಕ ನಿಲ್ಸಿದೆ. ಇವನು ಗಿಡ್ಡ ಆಗಿದ್ದ. ನೀವು ಹೊಡೀಬೇಡ ಅಂದಿದ್ರಲ್ಲ, ಏಳ್ರಲ್ಲೇ ಓಡಾಡ್ದೆ."

ವರ್ನಾ ಸೀಸೆ ಬಗ್ಗಿಸಿ ಆ ಗುಂಡನ್ನು ಸಾಲಿನ ಕೊನೆಗೆ ನಿಲ್ಲಿಸುತ್ತಾರೆ. ಕಣ್ಣು ಕಿರಿದಾಗಿಸಿ ನೋಡಿದರೆ ಕಾಣುತ್ತದೆ. ಕೂದಲೆಳೆಯಷ್ಟು, ಆದರೂ ಗಿಡ್ಡವೇ. ಅವರಿಗೆ ನಗು ಬರುತ್ತದೆ. ನಗು ಕೆಮ್ಮಾಗುತ್ತದೆ, ಕೆಮ್ಮಿನ ನೆಪದಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ.

"ಶೆರಿಫ್ ಯಾಕೆ ಬಂದಿದ್ದ ನಿಮ್ಮ ಕಡೆ?"

"ನೇಪಿಯರ್ ಮುದುಕನ ಹೇಸರಗತ್ತೆಗಳು ಬೇಲಿ ಹಾರಿ ರಸ್ತೆ ಮಧ್ಯ ನಿಂತಿದ್ವು. ಅವನ್ನ ಅಲ್ಲಾಡಿಸೋಕೆ ಶೆರಿಫ್ ಕೈಲೂ ಆಗ್ಲಿಲ್ಲ."

"ಮತ್ತೆ ಅವನು?"

ಹೆಸರು ಹೇಳುವುದು ಬೇಕಾಗುವುದಿಲ್ಲ. "ಒಹಾಯೋದಲ್ಲಿ ಕೆಲಸ ಸಿಕ್ತಂತೆ, ಹೋದ. ಕೋರ್ಟಲ್ಲಿ ಸಿಕ್ಕಾಗ ತಲೆ ಎತ್ತಲಿಲ್ಲ." ಡೆಲ್ಫೀನ್ ಸೇರಿಸುತ್ತಾಳೆ, "ಮಂಚ ಮಾತ್ರ ಸರಿಸಿದ ಕಡೇನೇ ಇದೆ. ಅಲ್ಲಿ ಕಿಟಕಿ ಹತ್ರ ಆಯ್ತು. ಟ್ಯಾನ್ಸಿ ಮಲಗಿಕೊಂಡೇ ನಕ್ಷತ್ರ ಎಣಿಸ್ತಾಳೆ. ತಪ್ಪು ತಪ್ಪಾಗಿ."

ಆಮೇಲೆ ಅವಳು ಕಿವಿಗೆ ಕವಚ ಹಾಕಿಕೊಂಡು ಏಳನ್ನೂ ಕಾಗದಕ್ಕೆ ಹೊಡೆಯುತ್ತಾಳೆ. ಏಳೂ ಕಾಗದದ ನಡುವಿಗೇ ಬೀಳುತ್ತವೆ, ಹೋಬರ್ಟ್ ಸಿಳ್ಳೆ ಹಾಕುತ್ತಾರೆ. ಗಿಡ್ಡನನ್ನು ಮಾತ್ರ ವರ್ನಾ ಹಾಳಾದ ಗುಂಡುಗಳ ಡಬ್ಬಕ್ಕೆ ಹಾಕುತ್ತಾರೆ. ಹೊಸದರಲ್ಲಿ ಎಂಟನ್ನು ಎಣಿಸಿ ಅವಳ ಅಂಗೈಗಿಟ್ಟು, ಆ ಬೆರಳುಗಳನ್ನು ತಾವೇ ಮುಚ್ಚುತ್ತಾರೆ.

"ಹೋಗಿ ಬಾ. ಮುಂದಿನ ವರ್ಷ ಎಲ್ಲಾನೂ ವಾಪಸ್ ತರ್ಬೇಕು. ಒಂದೂ ಬಿಡ್ದಂಗೆ."

ಕಾರು ತಿರುವು ದಾಟಿದ ಮೇಲೆ ಹೋಬರ್ಟ್ ಬುರುಡೆ ಡಬ್ಬವನ್ನು ನಾಚಿಕೊಂಡು ಮುಂದೆ ತಳ್ಳುತ್ತಾರೆ. "ಇದನ್ನೂ ವಾಪಸ್ ತಗೋತೀರಾ?"

"ಅದು ನಂದಲ್ಲ, ನಿನ್ನ ಮೊಮ್ಮಗಂದು," ಎನ್ನುತ್ತಾ ವರ್ನಾ ಪೊರಕೆ ಎತ್ತಿಕೊಂಡು ಚೆಲ್ಲಿದ ಹಿತ್ತಾಳೆ ಕವಚಗಳನ್ನು ಗುಡಿಸತೊಡಗುತ್ತಾರೆ. ಬಿಸಿಲಿನಲ್ಲಿ ಅವು ಪೊರಕೆಯ ಮುಂದೆ ಗಿಲಿಗಿಲಿ ಸದ್ದು ಮಾಡುತ್ತಾ ಉರುಳುತ್ತವೆ. "ಅಂಗಡೀಲಿ ಬೇರೆ ಯಾವ ಕೌಂಟರಿಗೆ ಸಾಮಾನು ವಾಪಸ್ ಬಂದ್ರೂ ಎವರೆಟ್ ಮುಖ ಊದಿಸ್ಕೋತಾನೆ. ಬಳಸ್ದೇ ವಾಪಸ್ ತಂದ್ರೆ ಕಡುಬು ಕೊಟ್ಟು ಕಳ್ಸೋದು ನನ್ನ ಕೌಂಟರೊಂದೇ."