ಫೋಟೋಗೆ ಅಡ್ಡ ಬಂದ ಟೈರು

ಫೋಟೋಗ್ರಾಫರ್ ಚಾಕು ತೆಗೆದವನೇ ದೋಣಿಯ ಬದಿಗೆ ತೂಗುಬಿಟ್ಟಿದ್ದ ಹಳೆಯ ಟೈರುಗಳ ಹಗ್ಗ ಕೊಯ್ದ. ಕಪ್ಪು ಟೈರು ಫೋಟೋದ ಅಂದ ಕೆಡಿಸುತ್ತದಂತೆ!

ಬೇಲಾಪುರದ ಖಾಡಿಯ, ಅಂದರೆ ಕಡಲ ಹಿನ್ನೀರಿನ, ಜೆಟ್ಟಿಯಲ್ಲಿ ಅಂದು ನನ್ನ ತಂಗಿಯ ಮಗಳ ಪ್ರಿ-ವೆಡ್ಡಿಂಗ್ ಶೂಟ್. ಸಂಜೆ ಬಿರುಗಾಳಿ ಏಳಬಹುದೆಂಬ ಎಚ್ಚರಿಕೆಯಿದ್ದುದರಿಂದ ಮೀನುಗಾರರು ದೋಣಿಗಳನ್ನು ಬಿಗಿದು ಕಟ್ಟಿ ಹೋಗಿದ್ದರು. ಈ ಮಹಾಶಯನಿಗೋ ಹಿನ್ನೆಲೆಗೆ ಆ ಕರಿಮೋಡವೇ ಬೇಕಿತ್ತು. ಟೈರಿಲ್ಲದಿದ್ದರೆ ಗಾಳಿಗೆ ದೋಣಿ ಜೆಟ್ಟಿಯ ಕಲ್ಲಿಗೆ ಬಡಿದು ಒಡೆಯುತ್ತದೆ. ನನಗೆ ಮೈಯೆಲ್ಲ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಹುಡುಗಿ ಕೈ ಹಿಡಿದಳು: “ಮಾಮಾ, ಪ್ಲೀಸ್, ಕುಛ್ ಮತ್ ಬೋಲೋ. ಅವರ ಮನೆಯವರೆಲ್ಲ ಇದ್ದಾರೆ.” ಬೀಗರಾಗುವವರ ಎದುರು ರಂಪ ಬೇಡವೆಂದು ನುಂಗಿಕೊಂಡೆ.

ಶೂಟ್ ಮುಗಿಸಿ ಎಲ್ಲರೂ ಕಾರು ಹತ್ತಿದರು. ಟೈರುಗಳು ಮೆಟ್ಟಿಲ ಮೇಲೆಯೇ ಬಿದ್ದಿದ್ದವು. ಗಾಳಿ ಆಗಲೇ ಶುರುವಾಗಿತ್ತು. ನಾನೊಬ್ಬನೇ ಹಿಂದುಳಿದು, ಕೊಯ್ದ ಹಗ್ಗಗಳನ್ನು ಜೋಡಿಸಿ ಟೈರು ಕಟ್ಟತೊಡಗಿದಾಗ ದೋಣಿಯ ಒಡತಿ ಓಡಿಬಂದಳು. ನಡೆದದ್ದನ್ನು ಹೇಳಿದೆ. ಆಕೆ ಬೈಯಲಿಲ್ಲ, ನಾನು ಹಾಕಿದ ಗಂಟನ್ನು ಜಗ್ಗಿ ನೋಡಿದಳು. ಮಲ್ಪೆಯಲ್ಲಿ ಅಪ್ಪ ತಮ್ಮ ದೋಣಿಯ ಮೇಲೆ ಕಲಿಸಿದ ಗಂಟದು, ಜಾರಲಿಲ್ಲ. ಆಮೇಲೆ ಮರಾಠಿಯಲ್ಲಿ ಕೇಳಿದಳು: “ಇಷ್ಟೆಲ್ಲ ಗೊತ್ತಿದ್ದೂ ನೋಡ್ತಾ ನಿಂತಿದ್ರಾ ಶೇಟ್?”

ಮದುವೆಯ ದಿನ ಹಾಲ್ ಬಾಗಿಲಲ್ಲಿ ಆ ಫೋಟೋ ಆಳೆತ್ತರಕ್ಕೆ ನಿಂತಿತ್ತು. ಬಂದವರೆಲ್ಲ ಭೇಷ್ ಎಂದರು. ಆ ಫೋಟೋಗ್ರಾಫರನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಆದರೆ ಟೈರು ಯಾಕೆ ಕಟ್ಟುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.