ಸೈಕಲ್ಲಿನ ಜಾಗದಲ್ಲಿ ಕುಲುಮೆ

ಮನೆಗೆ ಕುಲುಮೆ ಬಂದ ದಿನ ನನ್ನ ಚಿಕ್ಕಪ್ಪನಿಗೆ ವ್ಯಾಯಾಮದ ನೆನಪಾಯಿತು. ಅದಕ್ಕೆ ಮೊದಲು ಆ ನೆನಪು ಅವನ ಹತ್ತಿರ ಸುಳಿದದ್ದನ್ನು ನಾವ್ಯಾರೂ ಕಂಡಿರಲಿಲ್ಲ.

ಚಿಕ್ಕಮ್ಮ ಬ್ಯಾಡ್ಜು, ಪದಕ ಮಾಡುವ ಕಾರ್ಖಾನೆಯಲ್ಲಿ ಕೂದಲು ನರೆಯುವವರೆಗೆ ದುಡಿದವಳು. ತಾಮ್ರದ ಬಿಲ್ಲೆಯ ಮೇಲೆ ಬಣ್ಣದ ಗಾಜಿನ ಪುಡಿ ಉದುರಿಸಿ ಕುಲುಮೆಯಲ್ಲಿಟ್ಟರೆ ಪುಡಿ ಕರಗಿ ಹೊಳೆಯುವ ಲೇಪವಾಗುತ್ತದೆ. ಅದೇ ಎನಾಮಲ್. ಅದು ಗಂಡಸರ ಕೆಲಸವಂತೆ. ಚಿಕ್ಕಮ್ಮನ ಪಾಲಿಗೆ ಬಂದದ್ದು ತಣ್ಣಗಾದ ಪದಕವನ್ನು ಬೋರಲು ಹಾಕಿ ಅದರ ಬೆನ್ನಿಗೆ ಪಿನ್ನು ಬೆಸೆಯುವುದು. "ಊರಲ್ಲಿ ಗೆದ್ದೋರೆಲ್ಲರ ಬೆನ್ನು ನೋಡಿದ್ದೀನಿ ಕಣೇ, ಮುಖ ನೋಡಿಲ್ಲ" ಎಂದು ನಗುತ್ತಿದ್ದಳು. ನಿವೃತ್ತಿಯಾದಾಗ ಕೈಗೆ ಬಂದದ್ದರಲ್ಲಿ ಕರೆಂಟಿನ ಪುಟ್ಟ ಕುಲುಮೆ ಕೊಂಡಳು. ಒಮ್ಮೆಯಾದರೂ ತನ್ನ ಕೈಯಾರೆ ಬಣ್ಣ ಕರಗಿಸಬೇಕು, ಅಷ್ಟೇ ಅವಳ ಆಸೆ.

ಆದರೆ ಇಡುವುದೆಲ್ಲಿ? ಇರುವುದೇ ಅಂಗೈಯಗಲದ ಮನೆ. ಅಡುಗೆಮನೆಯಲ್ಲಿಟ್ಟರೆ ಗಾಜಿನ ಪುಡಿ ಊಟಕ್ಕೆ ಬಿದ್ದೀತು. ಮಲಗುವ ಕೋಣೆಯ ತುಂಬ ಹಾಸಿಗೆ, ಬಟ್ಟೆ. ಕುಲುಮೆಯ ಕಾವು ತಾಗಿದರೆ ಮುಗಿಯಿತು. ಉಳಿದದ್ದು ಹಜಾರದ ಕಿಟಕಿ ಪಕ್ಕದ ಮೂಲೆ. ಅಲ್ಲಿ ಗಾಳಿಯಿತ್ತು, ದೊಡ್ಡ ಪ್ಲಗ್ಗಿತ್ತು, ಚಿಕ್ಕಪ್ಪನ ವ್ಯಾಯಾಮದ ಸೈಕಲ್ಲೂ ಇತ್ತು. ಕೊಂಡ ವಾರದಿಂದ ಅದರ ಮೇಲೆ ಸವಾರಿ ಮಾಡುತ್ತಿದ್ದದ್ದು ಒದ್ದೆ ಟವೆಲುಗಳು ಮಾತ್ರ.

"ರೀ, ಆ ಸೈಕಲ್ ಬಾಲ್ಕನಿಗೆ ಹಾಕೋಣ್ವಾ?" ಎಂದಳು ಚಿಕ್ಕಮ್ಮ.

"ನನ್ನ ಆರೋಗ್ಯಾನ ಬಾಲ್ಕನೀಲಿ ಇಡ್ಬೇಕಾ?"

ಮರುದಿನ ಬೆಳಿಗ್ಗೆಯೇ ಟವೆಲುಗಳನ್ನು ಇಳಿಸಿ ಚಿಕ್ಕಪ್ಪ ಹತ್ತಿ ಕೂತ. ಆರಂಭಶೂರತ್ವ ಎಂದುಕೊಂಡೆವು. ಆದರೆ ಹಟಕ್ಕೆ ಬಿದ್ದ ಮನುಷ್ಯ ದಿನವೂ ತುಳಿದ. ಕುಲುಮೆ ಪೆಟ್ಟಿಗೆಯಿಂದ ಹೊರಬರಲೇ ಇಲ್ಲ. ತುಳಿದು ಸುಸ್ತಾದ ಚಿಕ್ಕಪ್ಪ ಆ ಪೆಟ್ಟಿಗೆಯ ಮೇಲೆ ಕೂತು ಶೂ ಬಿಚ್ಚುತ್ತಿದ್ದ. ಅದನ್ನು ಕಂಡಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

"ಬೈಬಾರ್ದಾ ಚಿಕ್ಕಮ್ಮ?"

"ಬೈದ್ರೆ ಇನ್ನೂ ಜೋರಾಗಿ ತುಳೀತಾರೆ. ಸುಮ್ನಿರು."

ನಮ್ಮ ದುರದೃಷ್ಟಕ್ಕೆ ಚಿಕ್ಕಪ್ಪ ಸಣ್ಣಗಾದ. ಬೆಲ್ಟಿಗೆ ಹೊಸ ತೂತು ಬಿತ್ತು, ಡಾಕ್ಟರು ಬೆನ್ನು ತಟ್ಟಿದರು. ಅಲ್ಲಿಂದ ಮುಂದೆ ಮನೆಗೆ ಬಂದವರಿಗೆಲ್ಲ ಹೊಟ್ಟೆ ತೋರಿಸುವ ಕಾರ್ಯಕ್ರಮ. ಆದರೆ ಇಲ್ಲದ ಹೊಟ್ಟೆಯನ್ನು ತೋರಿಸುವುದು ಸುಲಭವಲ್ಲ. ಮೊದಲು ಕಂಡಿರದವರು ನಂಬುತ್ತಲೇ ಇರಲಿಲ್ಲ.

"ಇಷ್ಟೆಲ್ಲಾ ಸಾಧಿಸಿದ್ದೀನಿ, ತೋರ್ಸೋಕೆ ಒಂದು ಗುರುತಿಲ್ಲ" ಎಂದು ಒಂದು ಸಂಜೆ ಕೊರಗಿದ.

ಚಿಕ್ಕಮ್ಮ ಬಟ್ಟೆ ಮಡಚುತ್ತಿದ್ದವಳು ತಲೆ ಎತ್ತಲಿಲ್ಲ. "ನಾನೇ ಪದಕ ಮಾಡ್ಕೊಡ್ತಿದ್ದೆ. ಕೆಂಪು ಎನಾಮಲ್, ನಡುವೆ ಬಿಳೀ ಚಕ್ರ. ಏನ್ ಮಾಡೋದು, ಕುಲುಮೆ ಇಡೋಕೆ ಜಾಗ ಇಲ್ವಲ್ಲ."

ಚಿಕ್ಕಪ್ಪ ಊಟ ಮುಗಿಯುವವರೆಗೆ ಯೋಚಿಸಿದ. ಕೈ ತೊಳೆದು ಬಂದವನೇ ಸೈಕಲ್ಲನ್ನು ದರದರ ಎಳೆದುಕೊಂಡು ಬಾಲ್ಕನಿಗೆ ಹೋದ. "ಹೊರಗಡೆ ಗಾಳಿ ಚೆನ್ನಾಗಿರುತ್ತೆ. ನಾನು ಮೊದಲಿಂದ್ಲೂ ಹೇಳ್ತಾನೇ ಇದ್ದೆ" ಎಂದ.

ಮೂಲೆಗೆ ಕಲ್ಲಿನ ಚಪ್ಪಡಿ ಬಂತು, ಅದರ ಮೇಲೆ ಕುಲುಮೆ, ಗೋಡೆಯ ಮೊಳೆಗೆ ಇಕ್ಕಳ ಮತ್ತು ಜರಡಿ. ಪುಡಿ ಹಾರದಂತೆ ಫ್ಯಾನು ಆರಿಸಿ, ಮೂಗಿಗೆ ಮಾಸ್ಕು ಕಟ್ಟಿ, ಚಿಕ್ಕಮ್ಮ ಬಿಲ್ಲೆಯ ಮೇಲೆ ಬಣ್ಣ ಜರಡಿ ಹಿಡಿದಳು. ಬೆಂದ ಬಿಲ್ಲೆಯನ್ನು ಇಕ್ಕಳದಿಂದ ತೆಗೆದು ಚಪ್ಪಡಿಯ ಮೇಲಿಟ್ಟಾಗ ಅದು ಕಪ್ಪಗಿತ್ತು. ಸುಟ್ಟೇ ಹೋಯಿತು ಎಂದುಕೊಂಡೆ. ಆರುತ್ತ ಆರುತ್ತ ಕೆಂಪು ಮೇಲೆದ್ದು ಬಂತು, ನಡುವೆ ಬಿಳಿ ಚಕ್ರ. ಚಿಕ್ಕಮ್ಮ ಬಾಗಿ ನೋಡುತ್ತಲೇ ಇದ್ದಳು, ಅವಳ ಕಣ್ಣು ತುಂಬಿತ್ತು.

ಚಿಕ್ಕಪ್ಪ ಆಗಲೇ ಇಸ್ತ್ರಿ ಅಂಗಿ ತೊಟ್ಟು ಎದೆ ಮುಂದೆ ಮಾಡಿ ನಿಂತಿದ್ದ.

"ಆಯ್ತಲ್ಲ? ಬೇಗ ಹಿಂದ್ಗಡೆ ಪಿನ್ನು ಹಾಕು."

ಚಿಕ್ಕಮ್ಮ ಪದಕವನ್ನು ಬೋರಲು ಹಾಕಲಿಲ್ಲ.

"ಪಿನ್ನು ನೀವೇ ಹಾಕ್ಕೊಳ್ಳಿ" ಎಂದಳು. "ನಾನು ಹಾಕಿದ್ದು ಸಾಕು."