ವೈಫೈಗೆ ಬೀಗ ಹಾಕಿದ್ದು

ವಿನೋಬನಗರದ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇದ್ದದ್ದು ಒಂದು ಸಣ್ಣ ಸಂದಿ. ಅದರಲ್ಲಿ ಬೆಕ್ಕು ಓಡಾಡುತ್ತಿತ್ತು, ಒಗ್ಗರಣೆಯ ವಾಸನೆ ಓಡಾಡುತ್ತಿತ್ತು. ಮಾತು ಮಾತ್ರ ನಿಂತು ವರ್ಷವಾಗಿತ್ತು. ಕಾರಣ ಹಲಸಿನ ಹಪ್ಪಳ. ಎರಡು ಭಾನುವಾರ ಹಾಳು ಮಾಡಿಕೊಂಡು ಒತ್ತಿದ ಹಪ್ಪಳವನ್ನು ತಾರಸಿಯ ಮೇಲೆ ಹಳೇ ಸೀರೆ ಹಾಸಿ ಒಣಗಿಸಿದ್ದೆ. ಪಕ್ಕದ ಮನೆಯಾಕೆ ಮೋಟರ್ ಹಾಕಿ ಧಾರಾವಾಹಿ ನೋಡುತ್ತ ಕೂತರು. ಅವರ ಟ್ಯಾಂಕಿನ ಪೈಪು ನಮ್ಮ ಕಡೆಗೇ ಮುಖ ಮಾಡಿತ್ತು. ಹಪ್ಪಳವೆಲ್ಲ ಅಂಬಲಿಯಾಯಿತು. "ಇನ್ನು ನಿಮ್ಮನೆ ಒಂದು ಲೋಟ ನೀರೂ ಮುಟ್ಟಲ್ಲ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. ಆಗ ನಾನು ಅವರ ಮನೆ ನೀರಿನಲ್ಲೇ ನಿಂತಿದ್ದೆ, ಅದು ಬೇರೆ ಮಾತು.

ಹೇಳಿದ್ದನ್ನು ಉಳಿಸಿಕೊಂಡೆ ಕೂಡ. ಗೌರಿ ಹಬ್ಬದಲ್ಲಿ ಅವರು ಅರಿಶಿನ ಕುಂಕುಮಕ್ಕೆ ಕರೆದರೂ ಹೋಗಲಿಲ್ಲ. ನನ್ನ ಹಟದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಆಗ ನಾನು ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೆ. 2008ರ ಸುಮಾರಿಗೆ, ಪ್ರಶ್ನೆಪತ್ರಿಕೆ ಟೈಪ್ ಮಾಡುವ ನೆಪದಲ್ಲಿ ಒಂದು ಲ್ಯಾಪ್‌ಟಾಪ್ ತೆಗೆದುಕೊಂಡೆ. ಮನೆಯಲ್ಲಿ ನೆಟ್ ಆಗಲೇ ಇತ್ತು. ಟೆಲಿಫೋನಿನವರು ಕೊಟ್ಟ ಬಿಳಿ ಡಬ್ಬಿಯಿಂದ ಒಂದು ವೈರು ನೇರವಾಗಿ ನಮ್ಮನೆಯವರ ಕಂಪ್ಯೂಟರಿಗೆ ಹೋಗುತ್ತಿತ್ತು. ಅದೇ ಡಬ್ಬಿಯಲ್ಲಿ ವೈಫೈ ಕೂಡ ಇದೆಯೆಂದು ಮೇಲೆ ಬರೆದಿತ್ತು.

"ಅದ್ನ ನಾನು ಭಾನುವಾರ ಸೆಟ್ ಮಾಡ್ಕೊಡ್ತೀನಿ. ನಿನ್ ಕೈಲಾಗೋ ಕೆಲ್ಸ ಅಲ್ಲ ಮಾರಾಯ್ತಿ" ಎಂದರು ನಮ್ಮನೆಯವರು.

ನನಗೆ ಉರಿದುಹೋಯಿತು. ಅವರೆದುರೇ ಲ್ಯಾಪ್‌ಟಾಪ್ ತೆರೆದೆ. ಪರದೆಯ ಮೂಲೆಯ ಪಟ್ಟಿಯಲ್ಲಿ ಒಂದೇ ಒಂದು ಹೆಸರಿತ್ತು, ನಮ್ಮ ಡಬ್ಬಿಯ ಮೇಲಿದ್ದ ಕಂಪನಿಯ ಹೆಸರು. ಒತ್ತಿದೆ. ಪಾಸ್‌ವರ್ಡನ್ನೂ ಕೇಳದೆ ಸೇರಿಕೊಂಡಿತು. ನಮ್ಮನೆಯವರು ತೆಪ್ಪಗೆ ಪೇಪರ್ ಹಿಡಿದು ಹೊರಗೆ ಹೋದರು. ಮುಂದಿನ ಎರಡು ತಿಂಗಳು ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ, ತರಕಾರಿ ಗಾಡಿಯ ಹತ್ತಿರ, ಸಿಕ್ಕಸಿಕ್ಕವರಿಗೆಲ್ಲ ಈ ಕತೆ ಹೇಳಿದೆ. ನೆಟ್ಟು ಅಡುಗೆಮನೆಯಲ್ಲಿ ಜೋರಾಗಿ ಬರುತ್ತಿತ್ತು, ಡಬ್ಬಿಯಿದ್ದ ಕೋಣೆಯಲ್ಲಿ ಸೊರಗುತ್ತಿತ್ತು. ಅದೇಕೆಂದು ಮಕ್ಕಳಿಗೆ ಗಣಿತ ಹೇಳಿಕೊಡುವ ನನಗೆ ಹೊಳೆಯಲಿಲ್ಲ.

ಒಂದು ಭಾನುವಾರ ಪಕ್ಕದ ಮನೆಯಾಕೆ ನಮ್ಮ ಗೇಟಿನ ಹತ್ತಿರ ಬಂದು ನಿಂತರು.

"ಒಂದು ಉಪಕಾರ ಆಗ್ಬೇಕಿತ್ತು ಕಣ್ರೀ. ನಮ್ಮನೆ ನೆಟ್ಟನ್ನ ಯಾರೋ ಕದೀತಿದಾರಂತೆ. ನಿಮ್ಗೆ ಇದೆಲ್ಲ ಗೊತ್ತಂತಲ್ಲ, ಒಂದು ಪಾಸ್‌ವರ್ಡ್ ಹಾಕ್ಕೊಡ್ತೀರಾ?"

ಶತ್ರುವೇ ಗೇಟಿಗೆ ಬಂದು ನನ್ನ ವಿದ್ಯೆಗೆ ತಲೆಬಾಗಿದ ಮೇಲೆ ಹೋಗದಿರುವುದು ಹೇಗೆ? ಹೋದೆ. ಅವರು ಕಾಫಿ ತಂದಿಟ್ಟರು. ಲೋಟದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನಮ್ಮ ಅಡುಗೆಮನೆಗೆ ಎದುರಾಗಿದ್ದ ಅವರ ನಡುಮನೆಯಲ್ಲಿ ನಮ್ಮದೇ ಥರದ ಬಿಳಿ ಡಬ್ಬಿಯಿತ್ತು. ಅದರ ಜೊತೆ ಬಂದಿದ್ದ ಪುಸ್ತಕ ನೋಡಿಕೊಂಡು ಅವರ ಕಂಪ್ಯೂಟರಿನಲ್ಲಿ ಒಂದೊಂದೇ ಪುಟ ತೆರೆದೆ. ಸದ್ಯ ಯಾರ್ಯಾರ ಕಂಪ್ಯೂಟರು ಈ ಡಬ್ಬಿಗೆ ಸೇರಿಕೊಂಡಿದೆ ಎಂಬ ಪಟ್ಟಿ ಬಂತು. ಎರಡು ಹೆಸರು. ಮೊದಲನೆಯದು ಅವರದು. ಎರಡನೆಯದು 'ಟೀಚರ್', ನನ್ನ ಲ್ಯಾಪ್‌ಟಾಪಿಗೆ ನಾನೇ ಇಟ್ಟ ಹೆಸರು.

ಆ ಹೆಸರನ್ನು ಇನ್ನೊಮ್ಮೆ ಓದಿದೆ. ನಮ್ಮ ಡಬ್ಬಿಯ ವೈಫೈಯನ್ನು ಯಾರೂ ಆನ್ ಮಾಡಿಯೇ ಇರಲಿಲ್ಲ. ಅಂದು ಪಟ್ಟಿಯಲ್ಲಿ ಕಂಡದ್ದು ಇವರ ಡಬ್ಬಿ. ನನ್ನ ಲ್ಯಾಪ್‌ಟಾಪು ಈಗಲೂ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ತೆರೆದುಕೊಂಡು ಕೂತಿತ್ತು.

ಆಕೆ ಹಿಂದಿನಿಂದ ಬಗ್ಗಿ ನೋಡಿದರು. "ಟೀಚರ್ ಅಂತಿದೆ. ಹಿಂದಿನ ಬೀದಿ ಟ್ಯೂಷನ್ ಮೇಷ್ಟ್ರೇ ಇರ್ಬೇಕು ಅಲ್ವಾ?"

"ಇರ್ಬಹುದು" ಎಂದೆ. ಆ ಮಾತು ಎಷ್ಟು ಸಲೀಸಾಗಿ ಬಾಯಿಂದ ಬಂತೆಂದರೆ ನನ್ನ ಬಗ್ಗೆ ನನಗೇ ಅಸಹ್ಯವಾಯಿತು.

"ಸದ್ಯ. ನಾನು ನಿಮ್ಮೇಲೆ ಅನುಮಾನ ಪಟ್ಟಿದ್ದೆ, ಬೇಜಾರ್ ಮಾಡ್ಕೋಬೇಡಿ. ನಮ್ಮನೆಯವ್ರು ಬೈದ್ರು. ನಮ್ಮನೆ ನೀರೇ ಮುಟ್ಟದೋರು ನೆಟ್ ಮುಟ್ತಾರೇನೇ, ಆಕೆ ಒಂದು ಮಾತು ಹೇಳಿದ್ರೆ ಅದ್ರಂತೆ ಇರೋರು, ಅಂದ್ರು."

ಅವರು ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಅದು ನನಗೆ ಚೆನ್ನಾಗಿ ಬರುತ್ತದೆ. ಹೀಗೆ ನಂಬಿಬಿಟ್ಟರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಪಾಸ್‌ವರ್ಡ್ ಹಾಕಿ, ಕೈ ಒರೆಸಿಕೊಂಡು ಎದ್ದು ಬರಬಹುದಿತ್ತು.

"ಮೇಷ್ಟ್ರಲ್ಲ ಕಣ್ರೀ, ನಾನೇ" ಎಂದೆ. "ಎರಡು ತಿಂಗ್ಳಿಂದ. ನಮ್ಮನೇದೇ ಅಂದ್ಕೊಂಡಿದ್ದೆ."

ಆಕೆ ಪಟ್ಟಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ನಗಲಿಲ್ಲ; ನಕ್ಕಿದ್ದರೆ ವಾಸಿಯಿತ್ತು. ಆರಿಹೋಗಿದ್ದ ಕಾಫಿಯನ್ನು ಒಳಗೆ ಒಯ್ದು, ಬಿಸಿ ಮಾಡಿ ತಂದು ನನ್ನ ಕೈಗೇ ಕೊಟ್ಟರು.

"ತಗೊಳ್ಳಿ. ಇನ್ನು ಇದೊಂದಕ್ಕೆ ಯಾಕೆ ಸಂಕೋಚ."

ಕುಡಿದೆ. ಸಕ್ಕರೆ ಜಾಸ್ತಿಯಾಗಿತ್ತು. ಹೇಳುವ ಧೈರ್ಯವಾಗಲಿಲ್ಲ.